ಓದುಗರ ಪ್ರಶ್ನೆ, ನಮ್ಮ ಉತ್ತರ: ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜಿನ ಪ್ರೆಸಿಡೆಂಟ್ ಕುರ್ಚಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ಲಿಬರಲ್ ಆರ್ಟ್ಸ್ ಕಾಲೇಜು ಎಂದು ಕರೆಯುವ ಸಣ್ಣ ವಸತಿ ಕಾಲೇಜುಗಳ ಮುಖ್ಯಸ್ಥರ ಬಗ್ಗೆ ಬಂದಿವೆ. ವಿಲಿಯಮ್ಸ್, ಸ್ವಾರ್ತ್‌ಮೋರ್, ಓಬರ್ಲಿನ್, ಸ್ಮಿತ್, ಸ್ಪೆಲ್ಮನ್ ಇವೆಲ್ಲ ಆ ಬಗೆಯ ಕಾಲೇಜುಗಳು. ಹೆಚ್ಚೆಂದರೆ ಮೂರು ಸಾವಿರದ ಆಸುಪಾಸಿನ ವಿದ್ಯಾರ್ಥಿಗಳು, ಮುಖ್ಯವಾಗಿ ನಾಲ್ಕು ವರ್ಷದ ಪದವಿ, ಭೌತಶಾಸ್ತ್ರ ಓದುವವರೂ ಕಾವ್ಯದ ತರಗತಿಯಲ್ಲಿ ಕೂರಬೇಕಾದ ಪಠ್ಯಕ್ರಮ.

ಪ್ರಶ್ನೆ: ಪ್ರೆಸಿಡೆಂಟ್ ಅಂದರೆ ನಮ್ಮ ಪ್ರಿನ್ಸಿಪಾಲರೇ ತಾನೆ? ಅವರ ಮೇಲೆ ಯಾರಿದ್ದಾರೆ?

ಅಲ್ಲ. ಪಾಠ, ಪ್ರಾಧ್ಯಾಪಕರು, ವೇಳಾಪಟ್ಟಿ ಇವನ್ನೆಲ್ಲ ನೋಡಿಕೊಳ್ಳುವವರು ಪ್ರೊವೋಸ್ಟ್ ಅಥವಾ ಡೀನ್. ನಮ್ಮ ಪ್ರಿನ್ಸಿಪಾಲರಿಗೆ ಹತ್ತಿರದ ಹುದ್ದೆ ಅದು. ಪ್ರೆಸಿಡೆಂಟ್ ಇಡೀ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕರು. ಅವರನ್ನು ನೇಮಿಸುವುದು, ತೆಗೆಯುವುದು ಟ್ರಸ್ಟಿಗಳ ಮಂಡಳಿಯ ಕೆಲಸ. ಈ ಕಾಲೇಜುಗಳಲ್ಲಿ ಹೆಚ್ಚಿನವು ಖಾಸಗಿ ಲಾಭರಹಿತ ಸಂಸ್ಥೆಗಳು, ಸರ್ಕಾರ ಅಲ್ಲಿ ಯಜಮಾನನಲ್ಲ. ಆ ಮಾತು ಇತ್ಯರ್ಥವಾದದ್ದೂ ಒಬ್ಬ ಪ್ರೆಸಿಡೆಂಟರ ಜಗಳದಿಂದಲೇ. 1815ರಲ್ಲಿ ಡಾರ್ಟ್‌ಮತ್ ಕಾಲೇಜಿನ ಟ್ರಸ್ಟಿಗಳು ಪ್ರೆಸಿಡೆಂಟ್ ಜಾನ್ ವ್ಹೀಲಾಕ್‌ರನ್ನು ವಜಾ ಮಾಡಿದರು. ಮರುವರ್ಷ ನ್ಯೂ ಹ್ಯಾಂಪ್‌ಶೈರ್ ಶಾಸನಸಭೆ ಕಾಲೇಜಿನ ಸನ್ನದನ್ನೇ ಬದಲಿಸಿ ಅದನ್ನು ರಾಜ್ಯದ ಹಿಡಿತಕ್ಕೆ ತರಲು ಹೊರಟಿತು. ಸನ್ನದು ಒಂದು ಒಪ್ಪಂದ, ರಾಜ್ಯ ಅದನ್ನು ಏಕಪಕ್ಷೀಯವಾಗಿ ತಿದ್ದುವಂತಿಲ್ಲ ಎಂದು 1819ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಇನ್ನೊಂದು ಕಡೆ ಪ್ರಾಧ್ಯಾಪಕರಿದ್ದಾರೆ. ಅಮೆರಿಕದ ಪ್ರಾಧ್ಯಾಪಕರ ಸಂಘ 1966ರಲ್ಲಿ ಹೊರತಂದ ಆಡಳಿತ ಹೇಳಿಕೆಯ ಪ್ರಕಾರ ಪಠ್ಯಕ್ರಮ, ಬೋಧನಾ ವಿಧಾನ, ಪ್ರಾಧ್ಯಾಪಕರ ನೇಮಕ ಮತ್ತು ಟೆನ್ಯೂರ್ (ಕಾಯಂ ಸೇವಾ ಭದ್ರತೆ) ಇವುಗಳಲ್ಲಿ ಮೊದಲ ಮಾತು ಪ್ರಾಧ್ಯಾಪಕರದು. ಅದು ಕಾನೂನಲ್ಲ. ಆದರೆ ಬಹುಪಾಲು ಕಾಲೇಜುಗಳ ಪ್ರಾಧ್ಯಾಪಕ ಕೈಪಿಡಿಯಲ್ಲಿ ಅದರ ನೆರಳಿದೆ, ಕೈಪಿಡಿಯನ್ನು ಕೋರ್ಟುಗಳು ಎಷ್ಟೋ ಸಲ ಒಪ್ಪಂದವೆಂದೇ ಓದುತ್ತವೆ. ಹಾಗಾಗಿ ಪ್ರೆಸಿಡೆಂಟ್ ಒಬ್ಬರೇ ಸಹಿ ಹಾಕಿ ಮುಗಿಸಬಹುದಾದ ದೊಡ್ಡ ನಿರ್ಧಾರಗಳು ಬೆರಳೆಣಿಕೆಯಷ್ಟು. ಯಾವ ವಿಷಯದಲ್ಲಿ ಯಾರನ್ನು ಮೊದಲು ಕೇಳಬೇಕು ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಗೊತ್ತಿದ್ದಂತೆ. ಕುರ್ಚಿ ಕಳೆದುಕೊಂಡವರಲ್ಲಿ ಬಹಳ ಮಂದಿ ಎಡವಿದ್ದು ನಿರ್ಧಾರ ತಪ್ಪಾಗಿ ಅಲ್ಲ, ಕೇಳುವ ಕ್ರಮ ತಪ್ಪಿ.

ಪ್ರಶ್ನೆ: ನಾನು ಅಲ್ಲಿನ ಒಂದು ಕಾಲೇಜಿನಲ್ಲಿ ಇತಿಹಾಸದ ಅಸೋಸಿಯೇಟ್ ಪ್ರೊಫೆಸರ್, ಟೆನ್ಯೂರ್ ಸಿಕ್ಕಿ ಎರಡು ವರ್ಷ. ಮುಂದೊಂದು ದಿನ ಪ್ರೆಸಿಡೆಂಟ್ ಆಗುವ ಆಸೆ ಇದೆ. ದಾರಿ ಯಾವುದು?

ಹಳೆಯ ದಾರಿ ಈಗಲೂ ಸವೆದಿಲ್ಲ. ವಿಭಾಗ ಮುಖ್ಯಸ್ಥ, ಅಸೋಸಿಯೇಟ್ ಡೀನ್, ಪ್ರೊವೋಸ್ಟ್, ಆಮೇಲೆ ಪ್ರೆಸಿಡೆಂಟ್. ನಿಮ್ಮ ಹಂತದಿಂದ ಹನ್ನೆರಡು-ಹದಿನೈದು ವರ್ಷ ಹಿಡಿಯಬಹುದು. ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅಲ್ಲಿನ ಎಲ್ಲ ಬಗೆಯ ಕಾಲೇಜು-ವಿಶ್ವವಿದ್ಯಾಲಯಗಳ ಪ್ರೆಸಿಡೆಂಟರ ಸರಾಸರಿ ವಯಸ್ಸು 60. 1970ರಲ್ಲಿ 23ನೇ ವಯಸ್ಸಿಗೆ ಫ್ರಾಂಕೋನಿಯಾ ಕಾಲೇಜಿನ, 1975ರಲ್ಲಿ ಬಾರ್ಡ್ ಕಾಲೇಜಿನ ಪ್ರೆಸಿಡೆಂಟ್ ಆದ ಲಿಯೋನ್ ಬಾಟ್‌ಸ್ಟೈನ್ ಅವರನ್ನು ಮಾದರಿ ಮಾಡಿಕೊಳ್ಳಬೇಡಿ. ಅದು ಲಾಟರಿ.

ಈಗಿನ ಹುದ್ದೆಯಲ್ಲೇ ಮಾಡಬಹುದಾದದ್ದು ಬಹಳ ಇದೆ. ಮೊದಲಿಗೆ ಬಜೆಟ್ ಸಮಿತಿಗೆ ಸೇರಿ. ಮಾನವಿಕ ಹಿನ್ನೆಲೆಯವರನ್ನು ಸಂದರ್ಶನದಲ್ಲಿ ಕೆಡವುವುದು ಲೆಕ್ಕದ ಪ್ರಶ್ನೆಯೇ. ಆಡಿಟ್ ವರದಿ ಕೈಗೆ ಕೊಟ್ಟರೆ, ಷರತ್ತಿರುವ ಆಸ್ತಿ ಎಷ್ಟು, ಇಲ್ಲದ್ದು ಎಷ್ಟು ಎಂದು ಹತ್ತು ನಿಮಿಷದಲ್ಲಿ ಗುರುತಿಸುವಷ್ಟು ಪಳಗಬೇಕು. ಎರಡನೆಯದು ಮಾನ್ಯತೆಯ ಕೆಲಸ. ಎಂಟು-ಹತ್ತು ವರ್ಷಕ್ಕೊಮ್ಮೆ ಮಾನ್ಯತಾ ಸಂಸ್ಥೆಗೆ ಕೊಡುವ ಸ್ವಯಂ-ಅಧ್ಯಯನ ವರದಿಯ ಸಹ-ಅಧ್ಯಕ್ಷತೆಯನ್ನು ಯಾರೂ ಇಷ್ಟಪಟ್ಟು ಹೊರುವುದಿಲ್ಲ, ನೀವು ಹೊರಿ. ಕಾಲೇಜಿನ ಪ್ರತಿ ಕಚೇರಿಯ ಒಳಗುಟ್ಟು ತಿಳಿಯಲು ಅದಕ್ಕಿಂತ ಚೊಕ್ಕ ನೆಪ ಸಿಗದು. ಮೂರನೆಯದು ದೇಣಿಗೆ. ಅಭಿವೃದ್ಧಿ ಕಚೇರಿಯವರು (ದೇಣಿಗೆ ಎತ್ತುವ ವಿಭಾಗಕ್ಕೆ ಅಲ್ಲಿನ ಹೆಸರು ಅದು) ದಾನಿಯ ಭೇಟಿಗೆ ಹೊರಟಾಗ ಜೊತೆಗೊಬ್ಬ ಪ್ರಾಧ್ಯಾಪಕರು ಬೇಕಾಗುತ್ತಾರೆ. ‘ನಾನು ಬರುತ್ತೇನೆ’ ಎನ್ನಿ. ಇದೇ ಕೌನ್ಸಿಲ್ 1965ರಿಂದ ನಡೆಸುವ ಫೆಲೋಶಿಪ್ ಕೂಡ ಇದೆ. ಬೇರೊಂದು ಸಂಸ್ಥೆಯ ಪ್ರೆಸಿಡೆಂಟರ ಪಕ್ಕದಲ್ಲಿದ್ದು ಕಲಿಯುವ ಏರ್ಪಾಡು ಅದು. ನಿಮ್ಮ ಕಾಲೇಜೇ ನಿಮ್ಮ ಹೆಸರು ಸೂಚಿಸಬೇಕು.

ಪ್ರೊವೋಸ್ಟ್ ಹುದ್ದೆ ಕಡ್ಡಾಯವಲ್ಲ. ವೆಲ್ಸ್ಲಿ ಕಾಲೇಜಿಗೆ 2016ರಲ್ಲಿ ಪ್ರೆಸಿಡೆಂಟ್ ಆಗಿ ಬಂದ ಪೌಲಾ ಜಾನ್ಸನ್ ವೈದ್ಯೆ. ವಕೀಲರು, ಪ್ರವೇಶ ಅಥವಾ ದೇಣಿಗೆ ವಿಭಾಗದಿಂದ ಮೇಲೆ ಬಂದವರೂ ಇದ್ದಾರೆ. ಆದರೆ ಸಂಶೋಧನೆಯ ಹೆಸರಿರುವ ಕಾಲೇಜುಗಳಲ್ಲಿ ‘ಇವರು ತರಗತಿಯಲ್ಲಿ ನಿಂತವರೇ?’ ಎಂಬ ಪ್ರಶ್ನೆ ಪ್ರಾಧ್ಯಾಪಕರ ಬಾಯಲ್ಲಿ ಬಂದೇ ಬರುತ್ತದೆ.

ಪ್ರಶ್ನೆ: ನೇಮಕಾತಿ ಇಷ್ಟು ಗುಟ್ಟಾಗಿ ಏಕೆ ನಡೆಯುತ್ತದೆ? ಹಂತಗಳೇನು?

ಅಭ್ಯರ್ಥಿ ಈಗಿರುವ ಕಾಲೇಜಿಗೆ ಸುದ್ದಿ ತಿಳಿದರೆ ಅಲ್ಲಿ ಅವರ ಮಾತಿಗೆ ಬೆಲೆ ಹೋಗುತ್ತದೆ. ಗುಟ್ಟಿಗೆ ಕಾರಣ ಅಷ್ಟೇ.

ಟ್ರಸ್ಟಿಗಳು, ಪ್ರಾಧ್ಯಾಪಕರು, ಸಿಬ್ಬಂದಿ, ಹಳೆಯ ವಿದ್ಯಾರ್ಥಿಗಳು ಸೇರಿ ಹತ್ತು-ಹದಿನೈದು ಜನರ ಸಮಿತಿ ಆಗುತ್ತದೆ, ಒಂದು ಹುಡುಕಾಟ ಸಂಸ್ಥೆಯನ್ನು ಹಣಕೊಟ್ಟು ಗೊತ್ತುಮಾಡುತ್ತಾರೆ. ಸಂಸ್ಥೆ ಕ್ಯಾಂಪಸ್ಸಿನಲ್ಲಿ ಎಲ್ಲರ ಮಾತು ಕೇಳಿ ಕಾಲೇಜಿನ ಸ್ಥಿತಿ, ನಿರೀಕ್ಷೆಗಳ ಪತ್ರ ಬರೆಯುತ್ತದೆ. ಅರ್ಜಿಯಲ್ಲಿ ನಾಲ್ಕೈದು ಪುಟದ ಪತ್ರವೇ ಪ್ರಾಣ. ಆ ಕಾಲೇಜಿಗೇ ಬರೆದದ್ದೋ, ಹೆಸರು ಬದಲಿಸಿ ಹತ್ತು ಕಡೆ ಕಳಿಸಿದ್ದೋ ಎಂಬುದು ಎರಡನೇ ಪ್ಯಾರಾದಲ್ಲೇ ಗೊತ್ತಾಗುತ್ತದೆ. ಎಂಟು-ಹತ್ತು ಜನರಿಗೆ ವಿಮಾನ ನಿಲ್ದಾಣದ ಹೋಟೆಲಿನಲ್ಲೋ ವಿಡಿಯೊದಲ್ಲೋ ಒಂದೂವರೆ ಗಂಟೆಯ ಸಂದರ್ಶನ. ಕೊನೆಗೆ ಉಳಿದ ಎರಡು-ನಾಲ್ಕು ಮಂದಿಗೆ ಎರಡು ದಿನದ ವಿಚಾರಣೆ. ಒಟ್ಟು ಆರರಿಂದ ಒಂಬತ್ತು ತಿಂಗಳು. ಅಧಿಕಾರ ಸ್ವೀಕಾರ ಸಾಮಾನ್ಯವಾಗಿ ಜುಲೈ 1ಕ್ಕೆ, ಏಕೆಂದರೆ ಹಣಕಾಸು ವರ್ಷ ಶುರುವಾಗುವುದೂ ಅಂದೇ.

ಕೊನೆಯ ಹಂತಕ್ಕೆ ಬಂದವರು ತಾವೂ ಕಾಲೇಜನ್ನು ಸಂದರ್ಶಿಸಬೇಕು. ಮೂರು ವರ್ಷದ ಆಡಿಟ್ ವರದಿ, ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವ ಫಾರ್ಮ್ 990, ಕಳೆದ ಮಾನ್ಯತಾ ವರದಿ ಇಷ್ಟನ್ನು ಓದಿ ಹೋಗಿ. ಕೇಳಬೇಕಾದ ಪ್ರಶ್ನೆಗಳು: ಮೊದಲ ವರ್ಷ ಮುಗಿಸಿ ಎರಡನೆಯದಕ್ಕೆ ಮರಳುವವರು ಎಷ್ಟು? ಬಾಂಡ್ ಸಾಲದ ಷರತ್ತುಗಳೇನು, ಅವನ್ನು ಮುರಿಯುವ ಅಂಚಿನಲ್ಲಿದ್ದೀರಾ? ಮುಂದೂಡಿದ ಕಟ್ಟಡ ದುರಸ್ತಿ ಎಷ್ಟು ಕೋಟಿಯದು? ದತ್ತಿನಿಧಿಯಿಂದ ನಿಯಮದ ಪ್ರಕಾರ ತೆಗೆಯುವುದೆಷ್ಟು, ನಿಜವಾಗಿ ತೆಗೆದದ್ದೆಷ್ಟು? ಈ ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಎಚ್ಚರವಾಗಿರಿ.

ಪ್ರಶ್ನೆ: ವರ್ಷಕ್ಕೆ 60,000 ಡಾಲರ್ ಬೋಧನಾ ಶುಲ್ಕ ಪಡೆಯುವ ಕಾಲೇಜು ನಷ್ಟದಲ್ಲಿದೆ ಎಂದರೆ ನಂಬುವುದು ಹೇಗೆ? (ಮಗಳನ್ನು ಅಲ್ಲಿಗೆ ಕಳಿಸಿರುವ ತಂದೆಯೊಬ್ಬರ ಪತ್ರ)

ಆ 60,000 ಬೋರ್ಡಿನ ಮೇಲಿನ ಬೆಲೆ. ಖಾಸಗಿ ಕಾಲೇಜುಗಳು ಹೊಸ ವಿದ್ಯಾರ್ಥಿಗಳಿಗೆ ಕೊಡುವ ಸರಾಸರಿ ರಿಯಾಯಿತಿ ಶೇ. 50ನ್ನು ದಾಟಿ ವರ್ಷಗಳಾದವು. ಒಂದು ಲೆಕ್ಕ ಹಾಕಿ ನೋಡೋಣ. ರಿಯಾಯಿತಿ ಶೇ. 55 ಎಂದರೆ ಕೈಗೆ ಬರುವುದು ತಲೆಗೆ 27,000 ಡಾಲರ್. ಈ ವರ್ಷ ಗುರಿಗಿಂತ 30 ಮಂದಿ ಕಡಿಮೆ ಸೇರಿದರು ಅಂದುಕೊಳ್ಳಿ. ಮೊದಲ ವರ್ಷದ ಖೋತಾ 8.1 ಲಕ್ಷ ಡಾಲರ್. ಆದರೆ ಆ 30 ಮಂದಿಯ ಕೊರತೆ ನಾಲ್ಕೂ ವರ್ಷ ಕಾಡುತ್ತದೆ. ಮಧ್ಯೆ ಬಿಟ್ಟುಹೋಗುವವರನ್ನು ಕಳೆದು 30, 27, 26, 25 ಎಂದು ಹಿಡಿದರೂ ಒಟ್ಟು 108 ವಿದ್ಯಾರ್ಥಿ-ವರ್ಷ, ಅಂದರೆ 29 ಲಕ್ಷ ಡಾಲರಿಗೂ ಮೇಲೆ. ಇದು ಬರೀ ಬೋಧನಾ ಶುಲ್ಕ, ಊಟ-ವಸತಿಯ ಆದಾಯ ಬೇರೆ. ಖರ್ಚು ಮಾತ್ರ ಇಳಿಯುವುದಿಲ್ಲ. ಪ್ರಾಧ್ಯಾಪಕರು ಅಷ್ಟೇ, ಬಾಯ್ಲರೂ ಅಷ್ಟೇ.

ಇದಕ್ಕೆ ಹೊಸ ಪ್ರೆಸಿಡೆಂಟ್ ಸಾಮಾನ್ಯವಾಗಿ ಹುಡುಕುವ ಮದ್ದು ಇನ್ನಷ್ಟು ರಿಯಾಯಿತಿ. ತರಗತಿ ತುಂಬುತ್ತದೆ, ಪತ್ರಿಕಾ ಪ್ರಕಟಣೆಯೂ ಹೊರಡುತ್ತದೆ, ನಿವ್ವಳ ಶುಲ್ಕ ಮಾತ್ರ ಇದ್ದಲ್ಲೇ ಇರುತ್ತದೆ ಅಥವಾ ಇಳಿಯುತ್ತದೆ. ಹಾಗಾಗಿ ಮೇ 1ರ ಠೇವಣಿ ದಿನಾಂಕದ (ಸೀಟು ಸಿಕ್ಕವರು ಮುಂಗಡ ಕಟ್ಟಿ ಬರುವುದನ್ನು ಖಚಿತಪಡಿಸುವ ದಿನ) ಬಳಿಕ ನೋಡಬೇಕಾದದ್ದು ತಲೆ ಎಣಿಕೆಯನ್ನಲ್ಲ, ಒಟ್ಟು ನಿವ್ವಳ ಶುಲ್ಕವನ್ನು. ಠೇವಣಿ ಕಟ್ಟಿಯೂ ಬೇಸಿಗೆಯಲ್ಲಿ ಕರಗಿಹೋಗುವವರನ್ನು ಕಳೆದು, ಸೆಪ್ಟೆಂಬರಿನ ಎಣಿಕೆ ಬರುವ ತನಕ ಬಜೆಟ್ಟನ್ನು ಬಿಗಿಹಿಡಿದಿರಬೇಕು. ಹೊಸಬರನ್ನು ತರುವುದಕ್ಕಿಂತ ಇದ್ದವರನ್ನು ಉಳಿಸಿಕೊಳ್ಳುವುದು ಅಗ್ಗ. ಮರಳುವವರ ಪ್ರಮಾಣ ಶೇ. 2 ಏರಿದರೂ ಲೆಕ್ಕ ಗಮನಾರ್ಹವಾಗಿ ಸುಧಾರಿಸುತ್ತದೆ. ಅಮೆರಿಕದಲ್ಲಿ ಜನನ ಸಂಖ್ಯೆ 2007ರಲ್ಲಿ ಶಿಖರ ಮುಟ್ಟಿ ಆಮೇಲೆ ಇಳಿಯಿತು. ಆ ಮಕ್ಕಳಿಗೆ 18 ತುಂಬಿದ್ದು 2025ರಲ್ಲಿ. ಇನ್ನು ಮುಂದಿನ ಪ್ರೆಸಿಡೆಂಟರಿಗೆ ‘ಬರುವ ವರ್ಷ ಜಾಸ್ತಿ ಮಕ್ಕಳು ಸೇರುತ್ತಾರೆ’ ಎಂಬ ಬಜೆಟ್ ಬರೆಯುವ ಐಷಾರಾಮ ಇಲ್ಲ.

ಕೇಂದ್ರ ಶಿಕ್ಷಣ ಇಲಾಖೆ ಪ್ರತಿ ಖಾಸಗಿ ಕಾಲೇಜಿಗೂ −1.0ರಿಂದ 3.0ರವರೆಗೆ ಆರ್ಥಿಕ ಅಂಕ ಕೊಡುತ್ತದೆ. 1.5 ಇದ್ದರೆ ಪಾಸು. ಮಗಳ ಕಾಲೇಜಿನ ಅಂಕ ನೋಡಿ. ಅದು ಸಾರ್ವಜನಿಕ ಮಾಹಿತಿ.

ಪ್ರಶ್ನೆ: 20 ಕೋಟಿ ಡಾಲರ್ ದತ್ತಿನಿಧಿ ಇಟ್ಟುಕೊಂಡು ಕಷ್ಟ ಎನ್ನುವುದು ನಾಟಕವಲ್ಲವೇ?

ದತ್ತಿನಿಧಿ ಉಳಿತಾಯ ಖಾತೆಯಲ್ಲ. ನೂರಾರು ದಾನಿಗಳು ಬೇರೆ ಬೇರೆ ಷರತ್ತು ಹಾಕಿ ಕೊಟ್ಟ ಗಂಟುಗಳ ಮೂಟೆ ಅದು. ವಾಡಿಕೆಯಂತೆ ಕಳೆದ ಹನ್ನೆರಡು ತ್ರೈಮಾಸಿಕಗಳ ಸರಾಸರಿ ಮೌಲ್ಯದ ಮೇಲೆ ಶೇ. 4.5ರಿಂದ 5 ತೆಗೆಯುತ್ತಾರೆ. 20 ಕೋಟಿಗೆ ಶೇ. 4.5 ಎಂದರೆ 90 ಲಕ್ಷ. ಅದರಲ್ಲೂ ಒಂದು ಪಾಲು ‘ಗ್ರೀಕ್ ಭಾಷೆಯ ಪೀಠಕ್ಕೆ’, ‘ಇಂಥ ಕೌಂಟಿಯ ವಿದ್ಯಾರ್ಥಿಗೆ’ ಎಂದು ಕಟ್ಟಿಹಾಕಿದ ಹಣ. ಬಾಯ್ಲರ್ ಒಡೆದರೆ ಗ್ರೀಕ್ ಪೀಠದ ದುಡ್ಡು ಮುಟ್ಟುವಂತಿಲ್ಲ. ಷರತ್ತು ಸಡಿಲಿಸಲು ದಾನಿ ಬದುಕಿದ್ದರೆ ಅವರ ಒಪ್ಪಿಗೆ, ಇಲ್ಲದಿದ್ದರೆ ಸಾಮಾನ್ಯವಾಗಿ ಕೋರ್ಟು, ರಾಜ್ಯದ ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ). 2006ರ ಮಾದರಿ ಕಾಯ್ದೆಯನ್ನು ಒಪ್ಪಿಕೊಂಡ ಕೆಲವು ರಾಜ್ಯಗಳಲ್ಲಿ ವರ್ಷಕ್ಕೆ ಶೇ. 7ಕ್ಕಿಂತ ಹೆಚ್ಚು ತೆಗೆದರೆ ಅವಿವೇಕದ ಖರ್ಚೆಂದೇ ಮೊದಲು ಭಾವಿಸಲಾಗುತ್ತದೆ, ಅಲ್ಲ ಎಂದು ಸಾಧಿಸಬೇಕಾದದ್ದು ಕಾಲೇಜು.

ಬೆರಿಯಾ ಕಾಲೇಜಿನ ಉದಾಹರಣೆ ಮಜವಾಗಿದೆ. 1892ರಿಂದ ಅಲ್ಲಿ ಬೋಧನಾ ಶುಲ್ಕವೇ ಇಲ್ಲ, ಪ್ರತಿ ವಿದ್ಯಾರ್ಥಿಯೂ ಕ್ಯಾಂಪಸ್ಸಿನಲ್ಲಿ ದುಡಿಯುತ್ತಾರೆ. ಅಂಥ ಕಡೆ ಪ್ರೆಸಿಡೆಂಟರ ನಿದ್ದೆ ಕೆಡಿಸುವುದು ಪ್ರವೇಶ ಸಂಖ್ಯೆಗಿಂತ ಹೆಚ್ಚಾಗಿ ಷೇರುಪೇಟೆ.

ಪ್ರಶ್ನೆ: ದೇಣಿಗೆ ಎತ್ತುವುದು ಎಂದರೆ ಔತಣಕೂಟಗಳಲ್ಲಿ ಕೈಕುಲುಕುವುದೇ?

ಕೈಕುಲುಕುವುದು ಕೊನೆಯ ಕಾಲುಭಾಗ. ದೊಡ್ಡ ದೇಣಿಗೆಯೊಂದು ಮೊದಲ ಭೇಟಿಯಿಂದ ಸಹಿಯವರೆಗೆ ಬರಲು ಒಂದೂವರೆ-ಎರಡು ವರ್ಷ ಹಿಡಿಯುವುದು ಮಾಮೂಲು. ಅಭಿಯಾನವೆಂದರೆ ಮೊದಲು ಸಾಧ್ಯತೆಯ ಅಧ್ಯಯನ, ಮತ್ತೆ ಸದ್ದಿಲ್ಲದ ಹಂತ. ಗುರಿಯ ಅರ್ಧಕ್ಕಿಂತ ಹೆಚ್ಚು ಕೈಸೇರಿದ ಮೇಲೆಯೇ ಬಹಿರಂಗ ಘೋಷಣೆ. 10 ಕೋಟಿ ಡಾಲರಿನ ಗುರಿಗೆ ಮೊದಲ ಒಂದೇ ದೇಣಿಗೆ ಒಂದರಿಂದ ಎರಡು ಕೋಟಿಯದಾಗಿರಬೇಕು ಎಂಬುದು ಕಸುಬಿನವರ ಲೆಕ್ಕ. ಅದು ಸಿಗದಿದ್ದರೆ ಗುರಿ ಇಳಿಸಿ. ಸಣ್ಣ ದೇಣಿಗೆಗಳಿಂದ ಆ ಹಳ್ಳ ತುಂಬುವುದಿಲ್ಲ.

ಪ್ರೆಸಿಡೆಂಟ್ ಕೇಳುವಾಗ ಮೊತ್ತ ಹೇಳಿಯೇ ಕೇಳಬೇಕು, ಕೇಳಿದ ಮೇಲೆ ಸುಮ್ಮನಿರಬೇಕು. ಮೌನ ತಡೆಯಲಾರದೆ ‘ಅರ್ಧ ಕೊಟ್ಟರೂ ಸಾಕು’ ಎಂದು ತಾವೇ ಇಳಿಸಿಬಿಡುವುದು ಹೊಸಬರ ಖಾಯಿಲೆ. ಇನ್ನೊಂದು ಬಲೆ ಹೊಸ ಕಟ್ಟಡ. ದಾನಿ ಕಟ್ಟಿಸಿಕೊಡುತ್ತಾರೆ, ಗುಡಿಸಿ-ಒರೆಸಿ, ಬಿಸಿ-ತಂಪು ಮಾಡುವುದು ಕಾಲೇಜಿನ ತಲೆಗೆ. ಮರುನಿರ್ಮಾಣ ಮೌಲ್ಯದ ಶೇ. 2ರಿಂದ 4ರಷ್ಟು ಪ್ರತಿ ವರ್ಷ ನಿರ್ವಹಣೆಗೆ ಬೇಕೆಂಬುದು ಒಪ್ಪಿತ ಲೆಕ್ಕ. 2 ಕೋಟಿಯ ಕಟ್ಟಡಕ್ಕೆ ಕಡಿಮೆಯೆಂದರೂ 4 ಲಕ್ಷ. ಒಪ್ಪಂದದಲ್ಲೇ ನಿರ್ವಹಣಾ ನಿಧಿ ಸೇರಿಸಿ ಕೇಳಬೇಕು, ರಿಬ್ಬನ್ ಕತ್ತರಿಸಿದ ಮೇಲೆ ಕೇಳಿದರೆ ಸಿಗುವುದಿಲ್ಲ.

ಪ್ರಶ್ನೆ: ಪ್ರಾಧ್ಯಾಪಕರು ಅವಿಶ್ವಾಸ ಗೊತ್ತುವಳಿ ಪಾಸು ಮಾಡಿದರೆ ಪ್ರೆಸಿಡೆಂಟ್ ಹೋಗಲೇಬೇಕೇ?

ಕಾನೂನಿನ ಪ್ರಕಾರ ಬೇಕಿಲ್ಲ. ನಿರ್ಧರಿಸುವುದು ಮಂಡಳಿ. ಆದರೆ ಗೊತ್ತುವಳಿಯ ನಂತರ ದಾನಿಗಳು ಫೋನ್ ಎತ್ತುವುದಿಲ್ಲ, ಒಳ್ಳೆಯ ಪ್ರೊವೋಸ್ಟ್ ಸಿಗುವುದಿಲ್ಲ. ಎಷ್ಟೋ ಕಡೆ ಪತನ ಆರಂಭವಾಗುವುದು ವಿಭಾಗ ಮುಚ್ಚುವ ನಿರ್ಧಾರದಿಂದ. ಆ ಕೆಲಸಕ್ಕೆ ಕ್ರಮವಿದೆ: ಮೊದಲು ಅಂಕಿ-ಅಂಶಗಳನ್ನು ಪ್ರಾಧ್ಯಾಪಕರ ಸಮಿತಿಯ ಮುಂದಿಡಬೇಕು, ಅವರ ಲಿಖಿತ ಅಭಿಪ್ರಾಯ ಪಡೆಯಬೇಕು, ಆಮೇಲೆ ಮಂಡಳಿ, ಆಮೇಲೆ ಮಾನ್ಯತಾ ಸಂಸ್ಥೆಗೆ ಈಗಿರುವ ವಿದ್ಯಾರ್ಥಿಗಳ ಓದು ಮುಗಿಸುವ ಯೋಜನೆ. ಟೆನ್ಯೂರ್ ಇದ್ದವರಿಗೆ ಒಂದು ವರ್ಷದ ನೋಟಿಸ್ ವಾಡಿಕೆ. ಇಷ್ಟೆಲ್ಲ ಮಾಡಿ ಉಳಿಯುವುದೇನು? ಮೂರು ಜನರ ಒಂದು ಭಾಷಾ ವಿಭಾಗ ಮುಚ್ಚಿದರೆ ಮೊದಲ ವರ್ಷ ಏನೂ ಇಲ್ಲ, ಎರಡನೇ ವರ್ಷ ಮೂರು ಸಂಬಳ. ಅದನ್ನೇ ನೆಚ್ಚಿ ಬಂದಿದ್ದ ಹತ್ತು ವಿದ್ಯಾರ್ಥಿಗಳು ಬೇರೆಡೆಗೆ ಹೋದರೆ ಮೇಲಿನ ಲೆಕ್ಕದಂತೆ 2.7 ಲಕ್ಷ ಖೋತಾ. ಕತ್ತರಿ ಹಿಡಿಯುವ ಮೊದಲು ಈ ಎರಡನೇ ಸಾಲನ್ನೂ ಬರೆದು ನೋಡಬೇಕು. ನಿವೃತ್ತಿಯಿಂದ ತೆರವಾದ ಹುದ್ದೆಗಳನ್ನು ತುಂಬದೆ ಬಿಡುವುದು ನಿಧಾನ, ಆದರೆ ಗಾಯ ಕಡಿಮೆ.

ವಿದ್ಯಾರ್ಥಿಗಳ ಪ್ರೀತಿ ಕಾಪಾಡುತ್ತದೆ ಎಂದು ನಂಬಬೇಡಿ. ಆಮರ್ಸ್ಟ್ ಕಾಲೇಜಿನ ಅಲೆಕ್ಸಾಂಡರ್ ಮೈಕಲ್‌ಜಾನ್ 1923ರಲ್ಲಿ ರಾಜೀನಾಮೆ ಕೊಡಬೇಕಾದಾಗ ಕೆಲವು ವಿದ್ಯಾರ್ಥಿಗಳು ಪ್ರತಿಭಟಿಸಿ ಪದವಿಪತ್ರವನ್ನೇ ನಿರಾಕರಿಸಿದರು. ಪ್ರಯೋಜನವಾಗಲಿಲ್ಲ.

ಪ್ರಶ್ನೆ: ಕಾಲೇಜು ಮುಚ್ಚುವ ಸ್ಥಿತಿ ಬಂದರೆ ಪ್ರೆಸಿಡೆಂಟ್ ಯಾವಾಗ ಬಾಯಿಬಿಡಬೇಕು?

ಇದಕ್ಕಿಂತ ಕಠಿಣ ಪ್ರಶ್ನೆ ಈ ವೃತ್ತಿಯಲ್ಲಿಲ್ಲ. ಬೇಗ ಹೇಳಿದರೆ ಹೇಳಿದ್ದೇ ಕಾಲೇಜನ್ನು ಮುಗಿಸುತ್ತದೆ, ತಡವಾದರೆ ಮಕ್ಕಳು ಬೀದಿಗೆ ಬೀಳುತ್ತಾರೆ.

ವರ್ಜೀನಿಯಾದ ಸ್ವೀಟ್ ಬ್ರಯರ್ ಮಹಿಳಾ ಕಾಲೇಜು 2015ರ ಮಾರ್ಚ್ 3ರಂದು, ಆ ಆಗಸ್ಟಿನಲ್ಲಿ ಮುಚ್ಚುತ್ತೇವೆ ಎಂದು ಘೋಷಿಸಿತು. ದತ್ತಿನಿಧಿಯಲ್ಲಿ ಕೋಟಿಗಟ್ಟಲೆ ಡಾಲರ್ ಇದ್ದಾಗಲೇ. ಹಳೆಯ ವಿದ್ಯಾರ್ಥಿನಿಯರಿಗೆ ಮುನ್ಸೂಚನೆಯೇ ಇರಲಿಲ್ಲ. ಅವರು ಸಂಘ ಕಟ್ಟಿದರು, ಹಣ ಸೇರಿಸಿದರು, ವಿಷಯ ಕೋರ್ಟಿಗೂ ಹೋಯಿತು. ಜೂನ್‌ನಲ್ಲಿ ರಾಜಿಯಾಯಿತು: ಅವರಿಂದ 1.2 ಕೋಟಿ ಡಾಲರ್, ದತ್ತಿನಿಧಿಯ 1.6 ಕೋಟಿ ಡಾಲರಿನ ಮೇಲಿನ ಷರತ್ತಿಗೆ ಅಟಾರ್ನಿ ಜನರಲ್‌ರಿಂದ ಬಿಡುಗಡೆ, ಪ್ರೆಸಿಡೆಂಟ್ ಮತ್ತು ಬಹುಪಾಲು ಟ್ರಸ್ಟಿಗಳ ನಿರ್ಗಮನ. ಕಾಲೇಜು ಉಳಿಯಿತು. ಟ್ರಸ್ಟಿಗಳ ಲೆಕ್ಕ ಪೂರ್ತಿ ತಪ್ಪಾಗಿತ್ತು ಎನ್ನಲಾಗದು. ಹಣ ಕೊಡಬಲ್ಲವರನ್ನು ಕೇಳದೆಯೇ ‘ಹಣವಿಲ್ಲ’ ಎಂದದ್ದು ತಪ್ಪು.

ಹ್ಯಾಂಪ್‌ಶೈರ್ ಕಾಲೇಜಿನದು ತದ್ವಿರುದ್ಧ ಪಾಠ. 2019ರ ಜನವರಿಯಲ್ಲಿ ಪ್ರೆಸಿಡೆಂಟ್ ಮಿರಿಯಂ ನೆಲ್ಸನ್ ‘ಪಾಲುದಾರ ಸಂಸ್ಥೆ ಹುಡುಕುತ್ತಿದ್ದೇವೆ’ ಎಂದು ಮುಂಚಿತವಾಗಿ, ಪ್ರಾಮಾಣಿಕವಾಗಿಯೇ ಹೇಳಿದರು. ಮುಂದಿನ ತಿಂಗಳು ಆ ವರ್ಷ ಪೂರ್ಣ ಹೊಸ ತರಗತಿ ಸೇರಿಸಿಕೊಳ್ಳುವುದಿಲ್ಲ ಎಂಬ ನಿರ್ಧಾರ ಬಂತು. ಕ್ಯಾಂಪಸ್ ಸಿಡಿದೆದ್ದಿತು, ಏಪ್ರಿಲ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಅಧಿಕಾರಕ್ಕೆ ಬಂದು ವರ್ಷವೂ ತುಂಬಿರಲಿಲ್ಲ.

ನಮ್ಮ ಅಭಿಪ್ರಾಯ ಇದು: ಬಾಗಿಲು ಮುಚ್ಚಲು ಬೇಕಾದ ಹಣ, ಅಂದರೆ ಕೊನೆಯ ತಿಂಗಳ ಸಂಬಳ, ವಿದ್ಯಾರ್ಥಿಗಳ ವರ್ಗಾವಣೆ, ದಾಖಲೆಗಳ ಸಂರಕ್ಷಣೆ ಇವಕ್ಕೆ ಎಷ್ಟು ಬೇಕೆಂದು ಬರೆದಿಟ್ಟುಕೊಳ್ಳಿ. ಕೈಯಲ್ಲಿರುವ ಷರತ್ತಿಲ್ಲದ ಹಣ ಆ ಗೆರೆ ಮುಟ್ಟಲು ಹದಿನೆಂಟು ತಿಂಗಳು ಇರುವಾಗ ಮಂಡಳಿಗೆ ಲಿಖಿತವಾಗಿ ತಿಳಿಸಬೇಕು, ದೊಡ್ಡ ದಾನಿಗಳು ಮತ್ತು ಹಳೆಯ ವಿದ್ಯಾರ್ಥಿ ಸಂಘದ ಹತ್ತಾರು ಮಂದಿಯನ್ನು ಗುಟ್ಟಿನ ಷರತ್ತಿನ ಮೇಲೆ ಒಳಗೆ ಕೂರಿಸಿಕೊಳ್ಳಬೇಕು. ಸಾರ್ವಜನಿಕ ಘೋಷಣೆ ಹೊರಬೀಳುವ ದಿನ ಇನ್ನೆಲ್ಲಿ ಓದು ಮುಂದುವರಿಸಬಹುದು ಎಂಬ ಒಪ್ಪಂದಗಳು ಸಹಿಯಾಗಿ ಸಿದ್ಧವಿರಬೇಕು.

ಪ್ರಶ್ನೆ: ಪ್ರತಿ ರಾಜಕೀಯ ವಿವಾದಕ್ಕೂ ಪ್ರೆಸಿಡೆಂಟ್ ಹೇಳಿಕೆ ಕೊಡಬೇಕೇ?

ಕಾಲೇಜಿನ ಬೋಧನೆ, ಪ್ರವೇಶ, ಸುರಕ್ಷತೆಗೆ ನೇರವಾಗಿ ತಟ್ಟುವುದಕ್ಕೆ ಕೊಡಿ, ಉಳಿದದ್ದಕ್ಕೆ ಬೇಡ. ಒಮ್ಮೆ ಕೊಟ್ಟರೆ ಮುಂದಿನ ಸಲದ ಮೌನವೂ ಹೇಳಿಕೆಯೇ ಆಗುತ್ತದೆ. ಅಧಿಕಾರಿಗಳ ನಡೆಗೂ ಕಾಲೇಜೇ ಉತ್ತರ ಹೇಳಬೇಕು: 2016ರಲ್ಲಿ ಊರಿನ ಬೇಕರಿಯೊಂದರ ವಿರುದ್ಧ ನಡೆದ ವಿದ್ಯಾರ್ಥಿ ಪ್ರತಿಭಟನೆಗೆ ಸಂಬಂಧಿಸಿದ ಮಾನಹಾನಿ ಮೊಕದ್ದಮೆಯಲ್ಲಿ ಸೋತ ಓಬರ್ಲಿನ್ 2022ರಲ್ಲಿ 3.6 ಕೋಟಿ ಡಾಲರಿಗೂ ಹೆಚ್ಚು ತೆರಬೇಕಾಯಿತು.

ಪ್ರಶ್ನೆ: ಸಂಬಳ ಎಷ್ಟು ಎಂದು ತಿಳಿಯುವುದು ಹೇಗೆ?

ಫಾರ್ಮ್ 990 ತೆರೆಯಿರಿ. ಸಂಬಳ, ಬೋನಸ್, ಮುಂದಕ್ಕೆ ಕೊಡುವ ಪರಿಹಾರ ಎಲ್ಲ ಬರೆದಿರುತ್ತದೆ. ಅಧಿಕೃತ ನಿವಾಸ ಕ್ಯಾಂಪಸ್ಸಿನಲ್ಲೇ ಇದ್ದು, ಅಲ್ಲಿರುವುದು ಹುದ್ದೆಯ ಷರತ್ತಾಗಿದ್ದರೆ ಅದಕ್ಕೆ ಆದಾಯ ತೆರಿಗೆ ಇಲ್ಲ. ಒಪ್ಪಂದದಲ್ಲಿ ಪ್ರಾಧ್ಯಾಪಕ ಹುದ್ದೆಗೆ ಮರಳುವ ಹಕ್ಕನ್ನು ಬರೆಸಿಕೊಳ್ಳದೆ ಸಹಿ ಹಾಕಬೇಡಿ.

ಪ್ರಶ್ನೆ: ಎಷ್ಟು ವರ್ಷ ಇದ್ದರೆ ಚೆನ್ನ?

ಮೊದಲೇ ಹೇಳಿದ ಸಮೀಕ್ಷೆಯಲ್ಲಿ ಹುದ್ದೆಯಲ್ಲಿದ್ದವರು ಅಲ್ಲಿಯವರೆಗೆ ಕಳೆದಿದ್ದ ಸರಾಸರಿ ಅವಧಿ 5.9 ವರ್ಷ. 2006ರಲ್ಲಿ ಅದು 8.5 ಇತ್ತು. ಒಂದು ದೇಣಿಗೆ ಅಭಿಯಾನ ಐದರಿಂದ ಎಂಟು ವರ್ಷ, ಮಾನ್ಯತಾ ಸುತ್ತು ಎಂಟು-ಹತ್ತು ವರ್ಷ ಎಂದರೆ ಈ ಅವಧಿ ಸಾಲದು. ಹಾಗೆಂದು ಆರು ವರ್ಷ ಸಣ್ಣದೂ ಅಲ್ಲ. 1995ರಿಂದ 2001ರವರೆಗೆ ಸ್ಮಿತ್ ಕಾಲೇಜಿನಲ್ಲಿದ್ದ ರೂತ್ ಸಿಮನ್ಸ್ ಅಷ್ಟರಲ್ಲೇ ಎಂಜಿನಿಯರಿಂಗ್ ಪದವಿ ಆರಂಭಿಸಿದರು, ಅಮೆರಿಕದ ಮಹಿಳಾ ಕಾಲೇಜಿನಲ್ಲಿ ಅದೇ ಮೊದಲು. ಇನ್ನೊಂದು ತುದಿಯಲ್ಲಿ, ಮೋರ್‌ಹೌಸ್ ಕಾಲೇಜಿನಲ್ಲಿ ಬೆಂಜಮಿನ್ ಮೇಸ್ ಪ್ರೆಸಿಡೆಂಟ್ ಆಗಿ ಇದ್ದದ್ದು 1940ರಿಂದ 1967ರವರೆಗೆ.

ಹೊರಡುವುದಾದರೆ ಹನ್ನೆರಡು ತಿಂಗಳು ಮೊದಲೇ ಮಂಡಳಿಯ ಅಧ್ಯಕ್ಷರಿಗೆ ಹೇಳಬೇಕು, ಅಭಿಯಾನದ ನಡುವೆ ಹೊರಡಬಾರದು. ಉತ್ತರಾಧಿಕಾರಿಯ ಆಯ್ಕೆಯಲ್ಲಿ ಮೂಗು ತೂರಿಸುವಂತಿಲ್ಲ. ಪ್ರಾಧ್ಯಾಪಕರಾಗಿ ಅಲ್ಲೇ ಉಳಿಯುವವರು ಮೊದಲ ವರ್ಷ ರಜೆಯ ಮೇಲೆ ಹೋಗುವುದು ಲೇಸು. ವಾಪಸು ಬಂದ ಮೇಲೂ ಪ್ರಾಧ್ಯಾಪಕರ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರಬೇಕು.